ಭರತದ ಎರಡು ತಾಸು ಹಕ್ಕಿಗಳಿಗೆ ಬಿಟ್ಟುಕೊಡಿ

ಉತ್ತರ ಕನ್ನಡ ಜಿಲ್ಲಾಡಳಿತಕ್ಕೆ, ಅರಣ್ಯ ಇಲಾಖೆಗೆ, ಅಘನಾಶಿನಿ ಅಳಿವೆಯ ಎರಡೂ ದಂಡೆಯ ಗ್ರಾಮ ಪಂಚಾಯತಿಗಳಿಗೆ, ಮತ್ತು ರಜೆ ಸಿಕ್ಕಾಗ ನಮ್ಮ ಕಡೆ ಬರುವ ಎಲ್ಲರಿಗೂ,

ನಮಸ್ಕಾರ.

ನಾನು ಕುಮಟಾದವನು. ಪೇಟೆಯಲ್ಲಿ ಒಂದು ಸಣ್ಣ ಅಂಗಡಿ ಇದೆ. ಭಾನುವಾರ ಬಾಗಿಲು ಹಾಕುತ್ತೇನೆ. ಕಳೆದ ಹನ್ನೆರಡು ವರ್ಷದಿಂದ, ಚೌತಿ ಮುಗಿದಲ್ಲಿಂದ ತುಳಸಿ ಮದುವೆಯ ತನಕ, ಹೆಚ್ಚುಕಮ್ಮಿ ಪ್ರತಿ ಭಾನುವಾರ ಅಘನಾಶಿನಿಯ ದಂಡೆಯಲ್ಲಿ ನಡೆಯುತ್ತೇನೆ. ಕುತ್ತಿಗೆಗೆ ಒಂದು ಹಳೆಯ ಬೈನಾಕ್ಯುಲರ್, ಕಿಸೆಯಲ್ಲಿ ನೋಟ್‌ಬುಕ್, ಚೀಲದಲ್ಲಿ ನೀರು ಮತ್ತು ನಾಲ್ಕು ದೋಸೆ. ದಂಡೆ ಮುಗಿದರೆ ಗುಡ್ಡ ಹತ್ತುತ್ತೇನೆ. ನೋಡಿದ ಹಕ್ಕಿಗಳನ್ನು ಎಣಿಸಿ ಬರೆದಿಡುತ್ತೇನೆ. ನಾನು ವಿಜ್ಞಾನಿಯಲ್ಲ, ಯಾವ ಸಂಘದ ಪರವಾಗಿಯೂ ಬರೆಯುತ್ತಿಲ್ಲ. ನನ್ನ ಬೇಡಿಕೆ ಒಂದೇ. ಸೆಪ್ಟೆಂಬರ್‌ನಿಂದ ನವೆಂಬರ್ ತನಕ, ಭರತದಲ್ಲಿ, ಅಂದರೆ ಕಡಲ ನೀರು ಪೂರ್ತಿ ಏರಿರುವ ಹೊತ್ತಿನಲ್ಲಿ, ಹಕ್ಕಿಗಳು ನಿಂತು ದಣಿವಾರಿಸಿಕೊಳ್ಳುವ ನಾಲ್ಕಾರು ಜಾಗಗಳಿಗೆ ಯಾರೂ ಹೋಗದಂತೆ ಮಾಡಿ. ದಿನಕ್ಕೆ ಎರಡು ತಾಸು ಸಾಕು. ಅದು ಯಾಕೆ ಎಂದು ಹೇಳುವುದಕ್ಕೆ ಈ ಪತ್ರ ಸ್ವಲ್ಪ ಉದ್ದವಾಗಿದೆ. ದಯವಿಟ್ಟು ಓದಿ.

2024ರ ಜನವರಿ ಕೊನೆಯಲ್ಲಿ ನಮ್ಮ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿದ ಸುದ್ದಿ ಬಂತು. ಅಂಕಸಮುದ್ರ ಮತ್ತು ಮಾಗಡಿ ಕೆರೆಯ ಜೊತೆಗೆ ನಮ್ಮ ಅಘನಾಶಿನಿ. ಅದಕ್ಕೂ ಮೊದಲು ಕರ್ನಾಟಕದಲ್ಲಿ ಆ ಪಟ್ಟಿಯಲ್ಲಿದ್ದದ್ದು ರಂಗನತಿಟ್ಟು ಒಂದೇ. 4,801 ಹೆಕ್ಟೇರ್ ನೀರು, ಕೆಸರು, ಉಪ್ಪು ನೀರಲ್ಲಿ ಬೆಳೆಯುವ ಕಾಂಡ್ಲಾ ಕಾಡು, ಉಪ್ಪು ನೀರು ನುಗ್ಗುವ ಗಜನಿ ಗದ್ದೆ ಎಲ್ಲ ಸೇರಿ ಜಗತ್ತಿಗೇ ಮುಖ್ಯವಾದ ಜೌಗು ಪ್ರದೇಶ ಎಂದಾಯಿತು. ಆ ದಿನ ಅಂಗಡಿಗೆ ಬಂದವರಿಗೆಲ್ಲ ನಾನು ಪೇಪರ್ ತೋರಿಸಿದ್ದೆ. ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಎಲ್ಲೂ ಒಂದು ಅಣೆಕಟ್ಟು ಕಾಣದೆ ಕಡಲಿಗೆ ಬಂದು ಸೇರುವ ಹೊಳೆ ಇದು. ಇಂಥ ಹೊಳೆಗಳು ನಮ್ಮಲ್ಲಿ ಎಷ್ಟು ಉಳಿದಿವೆ ಹೇಳಿ? ಸಂತೋಷ ನಿಜವಾದದ್ದೇ ಆಗಿತ್ತು. ಆದರೆ ಪಟ್ಟಿಗೆ ಸೇರಿದ ಮೇಲೆ ಇಲ್ಲಿಗೆ ಬರುವ ಜನ ಜಾಸ್ತಿಯಾದರು. ಜಾಗ ನೋಡಿಕೊಳ್ಳುವ ಕ್ರಮ ಮಾತ್ರ ಮೊದಲಿದ್ದ ಹಾಗೇ ಉಳಿಯಿತು.

ನಮ್ಮ ಊರಿನ ಶರದೃತು ಹೇಗಿರುತ್ತದೆ ಎಂದು ಘಟ್ಟದ ಮೇಲಿನವರಿಗೆ ಸ್ವಲ್ಪ ಹೇಳಬೇಕು. ಇಲ್ಲಿ ಎಲೆ ಉದುರುವುದಿಲ್ಲ, ಚಳಿಯೂ ಇಲ್ಲ. ಮಳೆ ಹಿಂದೆ ಸರಿಯುತ್ತದೆ, ಅಷ್ಟೇ. ಹೊಳೆಯ ಕೆಂಪು ನೀರು ತಿಳಿಯಾಗುತ್ತದೆ. ಗಜನಿಯಲ್ಲಿ ಕಗ್ಗ ಭತ್ತದ ತೆನೆ ಬಾಗುತ್ತದೆ. ಗುಡ್ಡದ ಚಿರೇಕಲ್ಲಿನ ಹಾಸಿನ ಮೇಲೆ ಹುಲ್ಲು ಇನ್ನೂ ಹಸಿರು, ತುದಿ ಮಾತ್ರ ಕಂದು. ಮಧ್ಯಾಹ್ನ ಸೆಕೆ, ಸಂಜೆ ಗುಡುಗು. ಈ ಹೊತ್ತಿಗೇ ಹಕ್ಕಿಗಳು ಬರುತ್ತವೆ.

ಮೊದಲು ಬರುವುದು ಹೆಚ್ಚಾಗಿ ಗದ್ದೆ ಗೊರವ. ಬಾಲ ಕುಣಿಸುತ್ತಾ ನೀರಂಚಿನ ಕಲ್ಲಿನ ಮೇಲೆ ಒಂದೇ ಓಡಾಡುತ್ತಿರುತ್ತದೆ. ಚೌತಿಯ ಹೊತ್ತಿಗೆ ಗುಡ್ಡದ ತೊರೆಯ ಬದಿಯಲ್ಲಿ ಬೂದು ಕುಂಡೆಕುಸ್ಕ ಕಾಣಿಸುತ್ತದೆ. ಅದನ್ನು ಮೊದಲ ಸಲ ಕಂಡ ದಿನ ನಾನು ನೋಟ್‌ಬುಕ್ಕಿನಲ್ಲಿ ದಿನಾಂಕದ ಕೆಳಗೆ ಎರಡು ಗೆರೆ ಎಳೆಯುತ್ತೇನೆ. ನವರಾತ್ರಿಯ ಸುಮಾರಿಗೆ ಕವಲುತೋಕೆಗಳು ವಿದ್ಯುತ್ ತಂತಿಯ ಮೇಲೆ ಸಾಲಾಗಿ ಕೂರುತ್ತವೆ. ನೀಲಿಬಾಲದ ಕಳ್ಳಿಪೀರಗಳು ಬೆಳಗಿನ ಬಿಸಿಲಿಗೆ ಗುಡ್ಡದ ಮೇಲೆ ಗುಂಪಾಗಿ ಹಾರುತ್ತವೆ. ಕಾಂಡ್ಲಾ ಗಿಡದ ನೆರಳಲ್ಲಿ ಕರಿತಲೆಯ ಮೀಂಚುಳ್ಳಿ ಬಂದು ಕೂರುತ್ತದೆ. ನೀಲಿ ಬೆನ್ನು, ಕೆಂಪು ಕೊಕ್ಕು, ತಲೆಗೆ ಕಪ್ಪು ಟೊಪ್ಪಿ ಹಾಕಿದ ಹಾಗೆ. ಅದರ ಸಂಖ್ಯೆ ಜಗತ್ತಿನಲ್ಲೇ ಇಳಿಯುತ್ತಿದೆ. ನಮ್ಮ ಕಾಂಡ್ಲಾದಲ್ಲಿ ಒಂದು ಕಂಡರೂ ಆ ದಿನ ಸಾರ್ಥಕ.

ಆದರೆ ನಾನು ಮುಖ್ಯವಾಗಿ ಹೇಳಬೇಕಾದದ್ದು ಕೆಸರಿನ ಹಕ್ಕಿಗಳ ಬಗ್ಗೆ. ಸ್ಯಾಂಡ್ ಪ್ಲೋವರ್, ರೆಡ್‌ಶ್ಯಾಂಕ್, ಗ್ರೀನ್‌ಶ್ಯಾಂಕ್, ವಿಂಬ್ರೆಲ್, ಕರ್ಲ್ಯೂ. ದೂರದಿಂದ ನೋಡಿದರೆ ಎಲ್ಲವೂ ಕೆಸರಿನದೇ ಬಣ್ಣ. ಗರುಡನ ಹಾಗೆ, ನವಿಲಿನ ಹಾಗೆ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಇವುಗಳ ಕಷ್ಟವೂ ಯಾರ ಕಣ್ಣಿಗೂ ಬೀಳುವುದಿಲ್ಲ.

ಒಂದು ಸಣ್ಣ ಪ್ಲೋವರ್ ತೆಗೆದುಕೊಳ್ಳಿ. ಅದರ ತೂಕ ಹೆಚ್ಚುಕಮ್ಮಿ ಒಂದು ಕೋಳಿಮೊಟ್ಟೆಯಷ್ಟು. ಅದರ ಕುಲ ಮೊಟ್ಟೆಯಿಡುವುದು ಲಡಾಖ್ ಮತ್ತು ಟಿಬೆಟಿನ ಎತ್ತರದ ಬಯಲಿನಲ್ಲಿ, ಸಮುದ್ರಮಟ್ಟದಿಂದ 4,000 ಮೀಟರಿಗೂ ಮೇಲಿನ ಸರೋವರಗಳ ದಂಡೆಯಲ್ಲಿ. ಲಡಾಖಿನ ತ್ಸೋ ಕಾರ್ ಅಂಥದ್ದೊಂದು ಸರೋವರ. ಅದೂ ನಮ್ಮ ಅಘನಾಶಿನಿಯ ಹಾಗೆ ರಾಮ್ಸರ್ ತಾಣವೇ. ಅಲ್ಲಿ ಬೇಸಿಗೆ ಬಲು ಗಿಡ್ಡ. ಮರಿ ಸ್ವಲ್ಪ ಬಲಿತ ಕೂಡಲೇ ದೊಡ್ಡ ಹಕ್ಕಿಗಳು ಹೊರಟುಬಿಡುತ್ತವೆ. ಆಗಸ್ಟ್ ಹೊತ್ತಿಗೆ ಮೊದಲು ಇಲ್ಲಿಗೆ ಬಂದಿಳಿಯುವವು ಅವೇ. ಮರಿಗಳು ಬರುವುದು ಅವುಗಳ ಹಿಂದೆ, ಕೆಲವು ವಾರ ಬಿಟ್ಟು. ಅಪ್ಪ ಅಮ್ಮ ಜೊತೆಗಿಲ್ಲ. ಹುಟ್ಟಿ ಎರಡು ಮೂರು ತಿಂಗಳಾದ ಹಕ್ಕಿ ಹಿಮಾಲಯ ದಾಟಿ, ಒಂದು ಸಲವೂ ನೋಡದ ಕಡಲನ್ನು ಹುಡುಕಿಕೊಂಡು ಬರುತ್ತದೆ. ರೆಕ್ಕೆಯ ಗರಿಗಳ ಅಂಚಿನಲ್ಲಿ ತೆಳು ಬಿಳಿ ಗೆರೆ ಇರುತ್ತದೆ, ಹೊಸ ಬಟ್ಟೆಯ ಅಂಚಿನ ಹಾಗೆ. ಬೈನಾಕ್ಯುಲರಿನಲ್ಲಿ ಆ ಗೆರೆ ಕಂಡಾಗಲೆಲ್ಲ ನನಗೆ ಸುಮ್ನೆ ಕಣ್ಣು ತುಂಬಿ ಬರುತ್ತದೆ.

ಬಂದಿಳಿದಾಗ ಅವುಗಳ ಮೈಯಲ್ಲಿ ಏನೂ ಉಳಿದಿರುವುದಿಲ್ಲ. ಕೊಬ್ಬೆಲ್ಲ ದಾರಿಯಲ್ಲೇ ಕರಗಿರುತ್ತದೆ. ದೊಡ್ಡ ಹಕ್ಕಿಗಳಿಗೆ ಅದೇ ಹೊತ್ತಿಗೆ ಹಳೆ ಗರಿ ಉದುರಿ ಹೊಸದು ಹುಟ್ಟಬೇಕು. ಅದಕ್ಕೂ ಶಕ್ತಿ ಬೇಕು. ಅದು ಸಿಗುವುದು ನಮ್ಮ ಅಳಿವೆಯ ಕೆಸರಿನಲ್ಲಿ. ಕೆಸರು ತೆರೆದುಕೊಳ್ಳುವುದು ಇಳಿತದಲ್ಲಿ ಮಾತ್ರ.

ಹಕ್ಕಿಗಳ ದಿನ ಸೂರ್ಯನ ಲೆಕ್ಕದಲ್ಲಿ ನಡೆಯುವುದಿಲ್ಲ, ನೀರಿನ ಲೆಕ್ಕದಲ್ಲಿ ನಡೆಯುತ್ತದೆ. ದಿನಕ್ಕೆ ಎರಡು ಭರತ, ಎರಡು ಇಳಿತ. ಪ್ರತಿದಿನ ಸುಮಾರು 50 ನಿಮಿಷ ತಡ. ನಮ್ಮ ಮೀನುಗಾರರಿಗೆ, ಕೆಸರಿನಿಂದ ಬಳಚು ಎಂಬ ಚಿಪ್ಪುಜೀವಿ ತೆಗೆಯುವ ಹೆಂಗಸರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ತಿಥಿ ಹೇಳಿದರೆ ನೀರಿನ ಹೊತ್ತು ಹೇಳುತ್ತಾರೆ. ಇಳಿತದಲ್ಲಿ ಹಕ್ಕಿಗಳು ಕೆಸರಿನ ಉದ್ದಗಲಕ್ಕೂ ಹರಡಿಕೊಂಡು ತಿನ್ನುತ್ತವೆ. ನೀರು ಏರುತ್ತಾ ಬಂದ ಹಾಗೆ ಒಂದೊಂದೇ ಹಿಂದೆ ಸರಿಯುತ್ತವೆ. ಕೊನೆಗೆ ಕೆಸರೆಲ್ಲ ಮುಳುಗಿದಾಗ ಎಲ್ಲವೂ ಹಾರಿ, ನೀರು ಮುಟ್ಟದ ಒಂದು ಎತ್ತರದ ಜಾಗದಲ್ಲಿ ಒತ್ತೊತ್ತಾಗಿ ನಿಲ್ಲುತ್ತವೆ. ಅಳಿವೆ ಬಾಯಿಯ ಮರಳಿನ ದಿಬ್ಬ, ಗಜನಿಯ ಕಟ್ಟೆ, ಸಾಣಿಕಟ್ಟಾದ ಉಪ್ಪಿನ ಆಗರದ ಬದು, ಇಂಥ ಕೆಲವೇ ಕಡೆ. ಒಂದೇ ಕಾಲಲ್ಲಿ ನಿಂತು, ಕೊಕ್ಕನ್ನು ಬೆನ್ನಿನ ಗರಿಯೊಳಗೆ ತುರುಕಿ, ನೀರು ಇಳಿಯುವುದನ್ನು ಕಾಯುತ್ತವೆ. ನೋಡುವವರಿಗೆ ಸೋಮಾರಿಗಳ ಹಾಗೆ ಕಾಣುತ್ತವೆ. ನಿಜವಾಗಿ ಆಗ ತಿಂದದ್ದು ಜೀರ್ಣವಾಗುತ್ತಿರುತ್ತದೆ, ಗರಿ ಬೆಳೆಯುತ್ತಿರುತ್ತದೆ, ಮೈಗೆ ಸ್ವಲ್ಪ ಸ್ವಲ್ಪವೇ ಕೊಬ್ಬು ಸೇರುತ್ತಿರುತ್ತದೆ.

ಕೆಸರು ಉಳಿಯಬೇಕು, ಕಾಂಡ್ಲಾ ಕಡಿಯಬಾರದು, ಮರಳು ಬಗೆಯಬಾರದು ಎಂದು ಮಾತಾಡುವವರು ಇದ್ದಾರೆ. ಒಳ್ಳೆಯದೇ. ನಾನೂ ಅವರ ಜೊತೆಗಿದ್ದೇನೆ. ಆದರೆ ಈ ನಿಲ್ಲುವ ಜಾಗದ ಬಗ್ಗೆ ಯಾರೂ ಮಾತಾಡಿದ್ದನ್ನು ನಾನು ಕೇಳಿಲ್ಲ. ಉಣ್ಣಲು ಹೊಟ್ಟೆತುಂಬ ಕೊಟ್ಟು, ಮಲಗಲು ಬಿಡದೆ ಎಬ್ಬಿಸಿ ಓಡಿಸಿದರೆ ಯಾರು ತಾನೇ ಬದುಕುತ್ತಾರೆ?

ಕಳೆದ ವರ್ಷ ಭೂಮಿ ಹುಣ್ಣಿಮೆಯ ಹಿಂದುಮುಂದಿನ ಒಂದು ಭಾನುವಾರ ನಡೆದದ್ದು ಹೇಳುತ್ತೇನೆ. ನಮ್ಮ ಕರಾವಳಿಯಲ್ಲಿ ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿಗೆ ದೊಡ್ಡ ಭರತ ಬರುವುದು ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು. ನಾನು ಹತ್ತು ಗಂಟೆಗೇ ಒಂದು ಕಟ್ಟೆಯ ಮರೆಯಲ್ಲಿ ಕೂತಿದ್ದೆ. ಎದುರಿಗೆ ಮರಳಿನ ದಿಬ್ಬ. ನೀರು ಏರುತ್ತಿತ್ತು. ಮೊದಲು ಸಣ್ಣ ಪ್ಲೋವರ್‌ಗಳು ಬಂದವು, ಹತ್ತು, ಇಪ್ಪತ್ತು, ನಲವತ್ತು. ಆಮೇಲೆ ರೆಡ್‌ಶ್ಯಾಂಕ್‌ಗಳು. ಕೊನೆಗೆ ಏಳು ಕರ್ಲ್ಯೂ, ನಿಧಾನಕ್ಕೆ ರೆಕ್ಕೆ ಬಡಿಯುತ್ತಾ ಬಂದು ಎಲ್ಲರ ಹಿಂದೆ ಇಳಿದವು. ನಾನು 212ರ ತನಕ ಎಣಿಸಿದ್ದೆ. ಎಲ್ಲ ಗಾಳಿಗೆ ಮುಖ ಮಾಡಿ ನಿಂತವು. ಸದ್ದೇ ಇಲ್ಲ.

ಅಷ್ಟರಲ್ಲಿ ಮರಳಿನ ಮೇಲೆ ಒಂದು ಜೀಪು ಬಂತು. ಆರೇಳು ಜನ ಹುಡುಗರು, ಒಳ್ಳೆಯ ಹುಡುಗರೇ, ನಗುತ್ತಾ ಕೇಕೆ ಹಾಕುತ್ತಾ ಇದ್ದರು. ಅವರನ್ನು ಕರೆದುಕೊಂಡು ಬಂದವರು ಹಣ ಪಡೆದೇ ಕರೆತಂದಿದ್ದರು. ಜೀಪು ನೇರ ಗುಂಪಿನ ಕಡೆಗೆ ಹೋಯಿತು. ಮೊದಲು ಒಂದು ರೆಡ್‌ಶ್ಯಾಂಕ್ ಕೂಗಿತು. ಯಾವಾಗಲೂ ಅದೇ ಮೊದಲು ಕೂಗುವುದು, ಊರ ಕಾವಲುಗಾರನ ಹಾಗೆ. ಎಲ್ಲ ಒಟ್ಟಿಗೆ ಎದ್ದವು. ಹುಡುಗರು ಮೊಬೈಲ್ ಎತ್ತಿ ಹಿಡಿದರು. ಹಕ್ಕಿಗಳು ಒಂದು ಸುತ್ತು ಹಾಕಿ ದಿಬ್ಬದ ಆ ತುದಿಯಲ್ಲಿ ಇಳಿದವು. ಜೀಪು ಅಲ್ಲಿಗೂ ಹೋಯಿತು. ಮತ್ತೆ ಎದ್ದವು. ಸ್ವಲ್ಪ ಹೊತ್ತಿಗೆ ಒಂದು ಡ್ರೋನ್ ಮೇಲೆ ಬಂತು. ಡ್ರೋನ್ ಎಂದರೆ ಅವಕ್ಕೆ ಗಿಡುಗವೇ. ಒಂದು ತಾಸಿನೊಳಗೆ ಐದು ಸಲ ಆ ಹಕ್ಕಿಗಳು ಎದ್ದು ಹಾರಿದ್ದನ್ನು ನಾನು ಬರೆದುಕೊಂಡೆ. ಐದನೇ ಸಲ ಅವು ಇಳಿಯಲಿಲ್ಲ. ಹೊಳೆಯ ಮೇಲ್ಗಡೆಗೆ ಹೋದವು. ಎಲ್ಲಿಗೆ ಹೋಗುವುದು? ಎಲ್ಲ ಕಡೆ ನೀರು. ಕೆಲವು ಕಾಂಡ್ಲಾದ ಮೇಲೆ ಕೂರಲು ನೋಡಿದವು. ಪ್ಲೋವರಿಗೆ ಕೊಂಬೆ ಹಿಡಿದು ಕೂರುವ ಕಾಲಿಲ್ಲ. ಅದಕ್ಕೆ ಹಿಂದಿನ ಬೆರಳೇ ಇಲ್ಲ.

ಆಮೇಲೆ ನಾನು ಹುಡುಗರ ಹತ್ತಿರ ಹೋಗಿ ಮಾತಾಡಿದೆ. ಬೈಯಲಿಲ್ಲ. ಬೈನಾಕ್ಯುಲರ್ ಕೊಟ್ಟೆ. ಉಳಿದಿದ್ದ ಒಂದು ಹಕ್ಕಿಯನ್ನು ತೋರಿಸಿ, ಅದು ಎಲ್ಲಿಂದ ಬಂದದ್ದು ಎಂದು ಹೇಳಿದೆ. ಒಬ್ಬ ಹುಡುಗ ತುಂಬ ಹೊತ್ತು ನೋಡಿದ. "ಅಂಕಲ್, ನಮಗೆ ಯಾರೂ ಹೇಳಲೇ ಇಲ್ಲ" ಎಂದ. ಅವನ ಮಾತು ನಿಜ. ಅಲ್ಲಿ ಒಂದು ಬೋರ್ಡ್ ಇಲ್ಲ, ಒಬ್ಬ ಕಾವಲಿನವನಿಲ್ಲ. ಕರೆತಂದವರಿಗೂ ಗೊತ್ತಿಲ್ಲ. ಈ ಪತ್ರ ಬರೆಯಬೇಕು ಎಂದು ನನಗನಿಸಿದ್ದು ಅವನ ಆ ಮಾತಿನಿಂದ.

ಒಂದು ವಿಷಯ ಸ್ಪಷ್ಟ ಮಾಡಬೇಕು. ಈ ಬೇಡಿಕೆ ನಮ್ಮ ಬಳಚಿನ ಹೆಂಗಸರ ಮೇಲೆ, ಮೀನುಗಾರರ ಮೇಲೆ, ಗಜನಿ ರೈತರ ಮೇಲೆ ಒಂದು ಹೊಸ ನಿರ್ಬಂಧ ಹಾಕುವುದಕ್ಕೆ ನೆಪವಾಗಬಾರದು. ಹಾಗಾದರೆ ನಾನೇ ಮೊದಲು ವಿರೋಧಿಸುತ್ತೇನೆ. ಅವರು ಕೆಸರಿಗಿಳಿಯುವುದು ಇಳಿತದಲ್ಲಿ. ಹಕ್ಕಿಗಳು ಆಗ ಇಡೀ ಅಳಿವೆಯಲ್ಲಿ ಹರಡಿರುತ್ತವೆ. ಸೊಂಟದ ತನಕ ನೀರಲ್ಲಿ ಬಾಗಿ ಬಳಚು ತೆಗೆಯುವವರ ಪಕ್ಕದಲ್ಲೇ, ಇಪ್ಪತ್ತು ಮೂವತ್ತು ಹೆಜ್ಜೆ ದೂರದಲ್ಲಿ, ಬೆಳ್ಳಕ್ಕಿಯೂ ವಿಂಬ್ರೆಲ್ಲೂ ತಮ್ಮ ಪಾಡಿಗೆ ತಿನ್ನುತ್ತಿರುವುದನ್ನು ನಾನು ನೂರಾರು ಸಲ ನೋಡಿದ್ದೇನೆ. ಒಮ್ಮೆ ಬಳಚಿನ ಬುಟ್ಟಿ ಹೊತ್ತು ದಂಡೆಗೆ ಬಂದ ಒಬ್ಬ ಹಿರಿಯ ಹೆಂಗಸಿನ ಹತ್ತಿರ ಕೇಳಿದೆ, "ಅಮ್ಮಾ, ಈ ಉದ್ದ ಕೊಕ್ಕಿನ ಹಕ್ಕಿಯಿಂದ ನಿಮಗೇನಾದರೂ ತೊಂದರೆ ಉಂಟಾ?" ಅವರು ಬುಟ್ಟಿ ಕೆಳಗಿಟ್ಟು ಹೇಳಿದರು, "ಅದಕ್ಕೆ ಬೇಕಾದ್ದು ಏಡಿ ತಮಾ, ನಮಗೆ ಬೇಕಾದ್ದು ಬಳಚು. ಅದು ಇದ್ದಲ್ಲಿ ಕೆಸರು ಒಳ್ಳೆದಿರ್ತದೆ." ಅವರ ಮಾತನ್ನು ನಾನು ಅವತ್ತೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಅವರು ಹೇಳಿದ ಏಡಿಯ ಊಟವನ್ನು ನೀವೂ ಒಮ್ಮೆ ನೋಡಬೇಕು. ಕರ್ಲ್ಯೂವಿನ ಕೊಕ್ಕು ಕೆಳಕ್ಕೆ ಬಾಗಿದ್ದು, ಕುಡಗೋಲಿನ ಹಾಗೆ, ತಲೆಗಿಂತ ಎಷ್ಟೋ ಪಟ್ಟು ಉದ್ದ. ನಾಲ್ಕು ಹೆಜ್ಜೆ ನಡೆಯುತ್ತದೆ, ನಿಲ್ಲುತ್ತದೆ. ಕೆಸರಿನ ಒಂದು ತೂತಿನೊಳಗೆ ಕೊಕ್ಕನ್ನು ಬುಡದ ತನಕ ಇಳಿಸುತ್ತದೆ. ತಲೆ ಒಂದು ಬದಿಗೆ ವಾಲುತ್ತದೆ. ಬಾಗಿದ ಬಿಲಕ್ಕೆ ಬಾಗಿದ ಕೊಕ್ಕು. ಒಳಗೆ ಏನೋ ಹುಡುಕುತ್ತಿರುವುದು ಕತ್ತಿನ ಅಲುಗಾಟದಲ್ಲೇ ಗೊತ್ತಾಗುತ್ತದೆ. ಆಮೇಲೆ ಮೆಲ್ಲಗೆ ಎಳೆಯುತ್ತದೆ. ತುದಿಯಲ್ಲಿ ಒಂದು ಏಡಿ, ಕಾಲು ಬಡಿಯುತ್ತಾ. ಅದನ್ನು ಹಾಗೇ ನುಂಗುವುದಿಲ್ಲ. ಕೊಡವುತ್ತದೆ, ಒಂದು ಕಾಲು ಹೋಯಿತು. ಮತ್ತೆ ಕೊಡವುತ್ತದೆ, ಕೊಂಬು ಹೋಯಿತು. ಕೆಲವೊಮ್ಮೆ ನೀರಿನ ಹತ್ತಿರ ಹೋಗಿ ಕೆಸರು ತೊಳೆಯುತ್ತದೆ. ಆಮೇಲೆ ಕೊಕ್ಕಿನ ತುದಿಯಿಂದ ಗಂಟಲ ತನಕ ಅದನ್ನು ಮೇಲಕ್ಕೆ ತರುವುದೇ ಒಂದು ಕೆಲಸ. ಇಷ್ಟು ಮಾಡಿದ ಮೇಲೆ ಅದಕ್ಕೆ ಸಿಕ್ಕಿದ್ದು ಒಂದು ತುತ್ತು. ಸುಮ್ಮಸುಮ್ಮನೆ ಎಬ್ಬಿಸಿ ಹಾರಿಸಿದರೆ ಇಂಥ ಎಷ್ಟು ತುತ್ತು ಹಾಳು ಎಂದು ಯೋಚಿಸಿ.

ಹಾಗಾಗಿ ಗದ್ದಲ ಬೇಡ ಎಂದು ಹೇಳಬೇಕಾದದ್ದು ಯಾರಿಗೆ? ಮರಳಿನ ಮೇಲೆ ಗಾಡಿ ಓಡಿಸುವವರಿಗೆ. ನಿಂತ ಗುಂಪಿನ ಹತ್ತಿರ ಬೋಟು ತಿರುಗಿಸುವವರಿಗೆ. ಡ್ರೋನ್ ಹಾರಿಸುವವರಿಗೆ. ಮತ್ತು, ಇದನ್ನು ಹೇಳಲು ನನಗೆ ನೋವಾಗುತ್ತದೆ, ನಮ್ಮಂಥ ಹಕ್ಕಿ ನೋಡುವವರಿಗೂ. ಹಾರುವ ಹಕ್ಕಿಯ ಫೋಟೋ ಬೇಕು ಎಂದು ಕೂತ ಗುಂಪಿನ ಕಡೆ ಬೇಕೆಂದೇ ಓಡುವ ಕ್ಯಾಮೆರಾದವರನ್ನು ನಾನು ಕಂಡಿದ್ದೇನೆ. ಹಕ್ಕಿಯ ಮೇಲೆ ಪ್ರೀತಿ ಇದ್ದವರು ಹೀಗೆ ಮಾಡಬಾರದು. ಗುಂಪಿನಲ್ಲಿ ನಾಲ್ಕು ಹಕ್ಕಿ ತಲೆ ಎತ್ತಿ ನಿಮ್ಮನ್ನು ನೋಡಿದವು ಎಂದರೆ ನೀವು ಆಗಲೇ ಹೆಚ್ಚು ಹತ್ತಿರ ಹೋಗಿದ್ದೀರಿ. ಅಲ್ಲೇ ನಿಲ್ಲಿ. ಎರಡು ಹೆಜ್ಜೆ ಹಿಂದೆ ಬನ್ನಿ.

ಈಗ ಗುಡ್ಡದ ವಿಷಯ. ಅಳಿವೆಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ಗುಡ್ಡ ಹತ್ತಲೇಬೇಕು. ಅಘನಾಶಿನಿ ಊರಿನ ಬೆನ್ನಿಗೆ ಚಿರೇಕಲ್ಲಿನ ಗುಡ್ಡ ಇದೆ. ಆಚೆ ದಂಡೆಯಲ್ಲಿ ಗೋಕರ್ಣದ ಗುಡ್ಡ. ಬೆಳಿಗ್ಗೆ ಆರೂವರೆಗೆ ಮೇಲೆ ನಿಂತರೆ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ ಅಗಲವಾಗಿ ಹರಡಿಕೊಂಡದ್ದು, ನಡುವೆ ಕುರ್ವೆ ಎನ್ನುವ ಸಣ್ಣ ನಡುಗಡ್ಡೆಗಳು, ದೂರದಲ್ಲಿ ಘಟ್ಟದ ನೀಲಿ ಗೆರೆ. ಇಳಿತದ ಹೊತ್ತಾದರೆ ಕೆಸರಿನಲ್ಲಿ ಸಣ್ಣ ಕಾಲುವೆಗಳು ಮರದ ಕೊಂಬೆಗಳ ಹಾಗೆ ಕವಲೊಡೆದದ್ದು ಕಾಣುತ್ತದೆ. ಬಿಳಿಹೊಟ್ಟೆಯ ಕಡಲ ಹದ್ದು ನಿಮ್ಮ ಕಣ್ಣಿನ ಮಟ್ಟದಲ್ಲೇ ತೇಲಿ ಹೋಗುತ್ತದೆ. ಅದಕ್ಕೆ ಇದು ಗೂಡು ಕಟ್ಟಲು ಶುರು ಮಾಡುವ ಕಾಲ, ಎತ್ತರದ ಮರ ಬೇಕು. ಹಳ್ಳದ ಬದಿಯ ಪೊದೆಯಲ್ಲಿ ಅಕ್ಟೋಬರ್‌ಗೆ ನವರಂಗ ಬಂದು ಸೇರುತ್ತದೆ. ರಾತ್ರಿ ಪಯಣ ಮಾಡುವ ಹಕ್ಕಿ ಅದು. ಬಂದ ಹೊಸತರಲ್ಲಿ ಸುಸ್ತಾಗಿ ಮನೆಯಂಗಳದಲ್ಲೂ ಬಿದ್ದಿರುವುದುಂಟು. ನಿಮ್ಮ ಅಂಗಳದಲ್ಲಿ ಸಿಕ್ಕಿದರೆ ನಾಯಿ ಬೆಕ್ಕು ಬಾರದ ಹಾಗೆ, ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲೆಗೆ ಇಟ್ಟು, ಅರಣ್ಯ ಇಲಾಖೆಗೆ ತಿಳಿಸಿ. ಚೇತರಿಸಿಕೊಂಡರೆ ಸಂಜೆಗೆ ಹಾರಿಹೋಗುತ್ತದೆ.

ಗುಡ್ಡದ ಮೇಲಿನ ಚಿರೇಕಲ್ಲಿನ ಬಯಲನ್ನು ಕಾಗದದಲ್ಲಿ ಬಂಜರು ಎಂದು ಬರೆಯುವುದನ್ನು ನಿಲ್ಲಿಸಿ ಎಂದು ಕೇಳಿಕೊಳ್ಳುತ್ತೇನೆ. ಮಳೆಗಾಲ ಮುಗಿಯುವಾಗ ಆ ಬಂಡೆಯ ಗುಂಡಿಗಳಲ್ಲಿ ನಿಂತ ನೀರಿನ ಸುತ್ತ ನೀಲಿ, ಬಿಳಿ ಹೂವಿನ ಹಾಸು ಇರುತ್ತದೆ. ಅಲ್ಲಿ ಹಳದಿ ಟಿಟ್ಟಿಭ ಇದೆ, ಜುಟ್ಟಿನ ನೆಲಗುಬ್ಬಿ ಇದೆ. ಬಂಜರು ಎಂದು ಬರೆದ ಜಾಗಕ್ಕೇ ಕಸದ ಲಾರಿ ಬರುತ್ತದೆ. ಅಲ್ಲಿ ಸುರಿದ ಪ್ಲಾಸ್ಟಿಕ್ ಒಂದು ಮಳೆಗೆ ಕೆಳಗಿನ ಗಜನಿಗೆ, ಅಲ್ಲಿಂದ ಅಳಿವೆಗೆ. ಗುಡ್ಡ ಬೇರೆ, ಹೊಳೆ ಬೇರೆ ಎಂದು ನಮ್ಮ ಕಚೇರಿಗಳಲ್ಲಿ ಫೈಲು ಬೇರೆಬೇರೆ ಇರಬಹುದು. ನೀರಿಗೆ ಅದು ಗೊತ್ತಿಲ್ಲ.

ಸರಿ, ಏನು ಮಾಡಬಹುದು?

ಹಕ್ಕಿಗಳು ಭರತದಲ್ಲಿ ನಿಲ್ಲುವ ಜಾಗಗಳನ್ನು ಗುರುತಿಸಿ. ನನ್ನ ಹತ್ತಿರ ಹನ್ನೆರಡು ವರ್ಷದ ಟಿಪ್ಪಣಿ ಇದೆ. ಸರಿಯಾದ ಜಾಗಗಳನ್ನು ಬಹಿರಂಗವಾಗಿ ಇಲ್ಲಿ ಬರೆಯುವುದಿಲ್ಲ, ಕಾರಣ ನಿಮಗೆ ಗೊತ್ತೇ ಇದೆ. ಕಚೇರಿಗೆ ಬಂದು ನಕ್ಷೆಯಲ್ಲಿ ಗುರುತು ಹಾಕಿ ಕೊಡುತ್ತೇನೆ. ಬೇಲಿ ಬೇಡ, ಕಟ್ಟಡ ಬೇಡ, ವೀಕ್ಷಣಾ ಗೋಪುರವಂತೂ ಬೇಡವೇ ಬೇಡ. ಗೋಪುರ ಕಟ್ಟಲು ಬಂದ ಸಿಮೆಂಟ್ ಲಾರಿಯೇ ಮೊದಲು ಹಕ್ಕಿಯನ್ನು ಓಡಿಸುತ್ತದೆ. ಒಂದು ಬಿದಿರಿನ ಕಂಬ, ಅದಕ್ಕೆ ಒಂದು ಕೆಂಪು ಬಟ್ಟೆ. ಭರತಕ್ಕೆ ಒಂದು ತಾಸು ಮುಂಚೆ ಏರಿಸುವುದು, ಒಂದು ತಾಸು ಕಳೆದು ಇಳಿಸುವುದು. ಬಟ್ಟೆ ಹಾರುತ್ತಿದ್ದರೆ 100 ಮೀಟರ್ ಒಳಗೆ ಯಾರೂ ಹೋಗುವಂತಿಲ್ಲ. ನಮ್ಮೂರ ಹುಡುಗರಿಗೆ ಮೂರು ತಿಂಗಳು ದಿನಗೂಲಿ ಕೊಟ್ಟು ಈ ಕೆಲಸ ವಹಿಸಿ. ನೀರಿನ ಲೆಕ್ಕ ಅವರಿಗೆ ನಿಮ್ಮ ನನ್ನೆಲ್ಲರಿಗಿಂತ ಚೆನ್ನಾಗಿ ಗೊತ್ತು.

ಬೋಟು ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಬೋಟಿಗೂ ಭರತವೇ ಬೇಕು, ಇಳಿತದಲ್ಲಿ ಕೆಸರಿಗೆ ತಾಗುತ್ತದೆ. ಓಡಿಸುವವರಿಗೂ ಹೊಟ್ಟೆಪಾಡು. ನಡುಹೊಳೆಯಲ್ಲಿ ಓಡಲಿ, ದಿಬ್ಬದ ಹತ್ತಿರ ಇಂಜಿನ್ ಸದ್ದು ತಗ್ಗಿಸಲಿ. ಒಂದು ಸಲ ಗುಂಪು ಹೆದರಿ ದೂರ ಹೋದರೆ ಆ ದಿನ ತೋರಿಸಲು ಅವರಿಗೂ ಏನೂ ಉಳಿಯುವುದಿಲ್ಲ, ಅಲ್ವಾ? ಮರಳಿನ ದಿಬ್ಬಕ್ಕೆ ಗಾಡಿ ಇಳಿಸುವುದನ್ನು ಮಾತ್ರ ಪೂರ್ತಿ ನಿಲ್ಲಿಸಬೇಕು. ಅದರಲ್ಲಿ ರಾಜಿ ಇಲ್ಲ.

ಉಪ್ಪಿನ ಆಗರದ ವಿಷಯವೂ ಇದೆ. ಸಾಣಿಕಟ್ಟಾದಲ್ಲಿ ಉಪ್ಪು ತೆಗೆಯುವ ಕೆಲಸ ಬೇಸಿಗೆಯದು. ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಪಾತಿಗಳಲ್ಲಿ ತೆಳು ನೀರು ನಿಂತಿರುತ್ತದೆ, ಹಕ್ಕಿಗಳಿಗೆ ಅದೇ ಮೊಣಕಾಲುದ್ದದ ಸ್ವರ್ಗ. ಆಗರ ಉಳಿದಿರುವುದು ಅಲ್ಲಿಯ ಜನ ಬಿಡದೆ ಉಪ್ಪು ಮಾಡುತ್ತಿರುವುದರಿಂದ. ಗಜನಿ ಕಟ್ಟೆ ಉಳಿದಿರುವುದು ರೈತರು ವರ್ಷವರ್ಷ ಮಣ್ಣು ಹಾಕಿ, ನೀರು ಬಿಡುವ ಜಂತ್ರಡಿ ಸರಿಮಾಡಿಕೊಂಡು ಕಗ್ಗ ಬೆಳೆಯುತ್ತಿರುವುದರಿಂದ. ಉಪ್ಪು ನೀರು ತಡೆದುಕೊಂಡು ಬೆಳೆಯುವ ಭತ್ತ ಅದು. ಸಾಗುವಳಿ ಕಡಿಮೆಯಾಗುತ್ತಾ ಬಂದಿದೆ. ಹಕ್ಕಿಗಾಗಿ ಹಣ ಖರ್ಚು ಮಾಡುವ ಮನಸ್ಸಿದ್ದರೆ ಮೊದಲು ಈ ಕಟ್ಟೆಗಳ ರಿಪೇರಿಗೆ ಕೊಡಿ. ಕಗ್ಗಕ್ಕೆ, ನಮ್ಮ ಉಪ್ಪಿಗೆ ಒಳ್ಳೆಯ ಬೆಲೆ ಸಿಗುವ ಹಾಗೆ ಮಾಡಿ.

ಎಣಿಕೆಯ ಬಗ್ಗೆ ಒಂದು ಮಾತು. ನೀರುಹಕ್ಕಿಗಳ ಗಣತಿ ಎಂದು ನಡೆಯುವುದು ಸಾಮಾನ್ಯವಾಗಿ ಜನವರಿಯಲ್ಲಿ. ಜನವರಿಗೆ ಬದುಕಿ ಉಳಿದವು, ನೆಲೆ ನಿಂತವು ಮಾತ್ರ ಸಿಗುತ್ತವೆ. ಸೆಪ್ಟೆಂಬರಿನಲ್ಲಿ ಬಂದು, ಎರಡು ವಾರ ತಿಂದು, ಇನ್ನೂ ದಕ್ಷಿಣಕ್ಕೆ ಹೋಗುವವುಗಳ ಲೆಕ್ಕ ಯಾರೂ ಇಡುವುದಿಲ್ಲ. ಅವಕ್ಕೆ ನಮ್ಮ ಅಳಿವೆ ದಾರಿಯ ಛತ್ರ. ಶಾಲೆಗಳಲ್ಲಿ ಅಕ್ಟೋಬರ್ 2ರಿಂದ 8ರ ತನಕ ವನ್ಯಜೀವಿ ಸಪ್ತಾಹ ಎಂದು ಚಿತ್ರಕಲೆ, ಭಾಷಣ ಸ್ಪರ್ಧೆ ಮಾಡಿಸುತ್ತೀರಿ. ಮಕ್ಕಳು ಹುಲಿ ಬರೆಯುತ್ತಾರೆ, ಆನೆ ಬರೆಯುತ್ತಾರೆ. ಅದೇ ವಾರ ಅವರ ಶಾಲೆಯಿಂದ ಒಂದು ಕಿಲೋಮೀಟರ್ ದೂರದಲ್ಲಿ ಲಡಾಖಿನ ಹಕ್ಕಿ ಕೆಸರಲ್ಲಿ ಓಡಾಡುತ್ತಿರುತ್ತದೆ. ಮಕ್ಕಳನ್ನು ಒಂದು ಬೆಳಿಗ್ಗೆ ದಂಡೆಗೆ ಕರೆತನ್ನಿ. ಬಳಚು ತೆಗೆಯುವ ಅಜ್ಜಿಯೊಬ್ಬರನ್ನು ಕರೆದು ನೀರಿನ ಪಾಠ ಹೇಳಿಸಿ. ಎಣಿಸುವುದನ್ನು ನಾವು ಹೇಳಿಕೊಡುತ್ತೇವೆ.

ಇದೆಲ್ಲ ಆಗುವ ಮಾತಾ ಎಂದು ಕೆಲವರು ಕೇಳುತ್ತಾರೆ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆ ಹಿತ್ತಲಿನ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ. ಊರವರು ಅವನ್ನು ತವರಿಗೆ ಬಂದ ಹೆಣ್ಣುಮಕ್ಕಳ ಹಾಗೆ ನೋಡಿಕೊಳ್ಳುತ್ತಾರೆ. ನಾಗಾಲ್ಯಾಂಡಿನ ಪಾಂಗ್ಟಿ ಊರಿನ ಸುತ್ತ 2012ರಲ್ಲಿ ಅಮುರ್ ಗಿಡುಗಗಳನ್ನು ಬಲೆ ಹಾಕಿ ಸಾವಿರಗಟ್ಟಲೆ ಹಿಡಿಯುತ್ತಿದ್ದರು. ಮರುವರ್ಷವೇ ಊರವರು ಸೇರಿ ಅದನ್ನು ನಿಲ್ಲಿಸಿದರು. ಹಿಡಿದು ತಿನ್ನುತ್ತಿದ್ದವರೇ ಕಾವಲು ನಿಂತರು. ಅವರು ಬಿಟ್ಟದ್ದಕ್ಕೆ ಹೋಲಿಸಿದರೆ ನಾವು ಬಿಡಬೇಕಾದದ್ದು ಬಹಳ ಸಣ್ಣದು. ಎರಡು ತಾಸು, ನಾಲ್ಕಾರು ದಿಬ್ಬ.

ಜಿಲ್ಲಾಧಿಕಾರಿಗಳೇ, ಅರಣ್ಯಾಧಿಕಾರಿಗಳೇ, ಪಂಚಾಯತಿ ಅಧ್ಯಕ್ಷರೇ, ಸಭೆ ಕರೆಯುವ ಮೊದಲು ನೀವು ಒಂದು ಬೆಳಿಗ್ಗೆ ಬನ್ನಿ. ನವೆಂಬರ್ 12 ಪಕ್ಷಿತಜ್ಞ ಸಲೀಂ ಅಲಿಯವರ ಹುಟ್ಟಿದ ದಿನ. ಆದರೆ ಅಲ್ಲಿಯ ತನಕ ಕಾಯಬೇಡಿ, ಆಗ ಅರ್ಧ ಹಕ್ಕಿ ಮುಂದೆ ಹೋಗಿರುತ್ತದೆ. ಸೆಪ್ಟೆಂಬರಿನ ಯಾವುದಾದರೂ ಹುಣ್ಣಿಮೆಯೋ ಅಮಾವಾಸ್ಯೆಯೋ ನೋಡಿ ಹೇಳಿ. ಹಿಂದೆಮುಂದೆ ಗಾಡಿಗಳ ಸಾಲು ಬೇಡ. ಒಂದೇ ಗಾಡಿಯಲ್ಲಿ ಬಂದು ರಸ್ತೆಯಲ್ಲೇ ನಿಲ್ಲಿಸಿ. ಗಾಢ ಬಣ್ಣದ ಬಟ್ಟೆ ಬೇಡ, ಚಪ್ಪಲಿ ಕೆಸರಾದರೂ ಬೇಸರವಾಗದಂಥದ್ದಿರಲಿ. ಒಂಬತ್ತೂವರೆಗೆ ಗಜನಿ ಕಟ್ಟೆಯ ಈಚೆ ಬದಿಯಲ್ಲಿ ಕೂರೋಣ. ಬೈನಾಕ್ಯುಲರ್ ನನ್ನ ಹತ್ತಿರ ಎರಡಿವೆ. ನೀರು ಏರುವುದನ್ನು ನೋಡೋಣ. ಮೊದಲು ಸಣ್ಣವು ಬರುತ್ತವೆ, ಕರ್ಲ್ಯೂ ಕೊನೆಗೆ. ಎಲ್ಲ ಬಂದು ನಿಂತ ಮೇಲೆ ಮಾತಾಡೋಣ, ಮೆಲ್ಲಗೆ.

ನಿಮ್ಮ ಉತ್ತರಕ್ಕೆ ಕಾಯುತ್ತಿರುವ,
ಅಘನಾಶಿನಿ ದಂಡೆಯ ಒಬ್ಬ ಹಕ್ಕಿ ನೋಡುವವ
ಕುಮಟಾ